ಊರಿನ ಹೆಸರು ಬದಲಾಯಿತು, ಬಂಡೆಯದ್ದು ಯಾವಾಗ?

ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣವಾದ ಮೇಲೆ ಮಂಡ್ಯದವರಾದ ನಮಗೆ ರಾಜಧಾನಿ ಮದ್ದೂರಿನ ಗಡಿಗೇ ಬಂದು ನಿಂತಿದೆ. ಕಾವೇರಿ ನೀರು ಮೊದಲೇ ಅಲ್ಲಿಗೆ ಹೋಗಿತ್ತು, ಈಗ ಸೈಟಿನ ಬೆಲೆ ಇಲ್ಲಿಗೆ ಬರುತ್ತಿದೆ. ಲೆಕ್ಕ ಚುಕ್ತಾ.

ಆದರೆ ಸರ್ಕಾರ ಒಂದು ಕೆಲಸ ಮರೆತಿದೆ. ರಾಮನಗರದ ಬಂಡೆಗಳು ಇಂದಿಗೂ ಪುಸ್ತಕದಲ್ಲಿ ‘ಕ್ಲೋಸ್‌ಪೇಟ್ ಗ್ರಾನೈಟ್’. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಟಿಪ್ಪುವಿನ ನಂತರ ಮೈಸೂರಿಗೆ ರೆಸಿಡೆಂಟ್, ಅಂದರೆ ಬ್ರಿಟಿಷರ ಪ್ರತಿನಿಧಿಯಾಗಿ ಬಂದ ಬ್ಯಾರಿ ಕ್ಲೋಸ್ ಊರಿನ ಹೆಸರಿನಿಂದ ಎಂದೋ ಜಾಗ ಖಾಲಿ ಮಾಡಿದ. ಸುಮಾರು 250 ಕೋಟಿ ವರ್ಷದ ಬಂಡೆಯನ್ನು ಮಾತ್ರ ಬಿಟ್ಟಿಲ್ಲ. ಭೂವಿಜ್ಞಾನಿಗಳ ನಿಯಮವೇ ಹಾಗೆ. ಶಿಲಾಘಟಕಕ್ಕೆ ಅದು ಚೆನ್ನಾಗಿ ಕಾಣುವ ಜಾಗದ ಹೆಸರಿಡಬೇಕು, ವಿವರವಾಗಿ ಬರೆದು ಪ್ರಕಟಿಸಬೇಕು, ಮುಂದೆ ಊರು ಹೆಸರು ಬದಲಿಸಿಕೊಂಡರೂ ಕಲ್ಲು ಬದಲಿಸಿಕೊಳ್ಳುವಂತಿಲ್ಲ. ಸಚಿವ ಸಂಪುಟವನ್ನು ಕೇಳುವುದಿಲ್ಲ, ಫ್ಲೆಕ್ಸ್ ಕಟ್ಟುವುದಿಲ್ಲ. ಮೈಸೂರಿನ ಪ್ರಿನ್ಸೆಸ್ ರಸ್ತೆಯ ಹೆಸರಿಗಾಗಿ ಕಿತ್ತಾಡಿದ ನಮಗೆ ಇದೆಂಥ ಅವಮಾನ!

ಹಾಗೆಂದು ಕಲ್ಲಿಗೆ ಹೆಸರಿಟ್ಟವರು ಮಹಾ ಶಿಸ್ತಿನವರೂ ಅಲ್ಲ. ಕಲ್ಕತ್ತೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜಾಬ್ ಚಾರ್ನಾಕ್‌ನ ಸಮಾಧಿಗೆ ಹಾಕಿದ ಕಲ್ಲನ್ನು ಕಂಡ ಭೂವಿಜ್ಞಾನಿ ಥಾಮಸ್ ಹಾಲೆಂಡ್ ಆ ಶಿಲೆಗೆ ‘ಚಾರ್ನಕೈಟ್’ ಎಂದ. ಅದು ಹೊರಟದ್ದು ಮದ್ರಾಸಿನ ಕಡೆಯಿಂದ, ಹೆಸರು ಸಿಕ್ಕಿದ್ದು ಗೋರಿಯಿಂದ. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿರುವುದೂ ಇದೇ ಚಾರ್ನಕೈಟ್. ರಂಗಪ್ಪ ಕಂಪನಿ ನೌಕರನ ಹೆಸರಿನ ಮೇಲೆ ನೆಲೆಸಿರುವ ವಿಷಯ ಹೋರಾಟಗಾರರಿಗೆ ಇನ್ನೂ ತಿಳಿದಂತಿಲ್ಲ.

ಸರಗೂರಿನವರದ್ದು ಬೇರೆ ಕಥೆ. ತಾಲ್ಲೂಕು ಮಾಡಿ ಎಂದು ಅವರು ಅರ್ಜಿ ಹಿಡಿದು ಅಲೆಯುತ್ತಿದ್ದಾಗಲೇ 300 ಕೋಟಿ ವರ್ಷಕ್ಕೂ ಹಳೆಯ ಶಿಲೆಗಳು ‘ಸರಗೂರು ಸಮೂಹ’ ಎಂದು ದಾಖಲಾಗಿದ್ದವು. ತಹಶೀಲ್ದಾರರಿಗೆ ಆ ದಾಖಲೆ ಸಾಲುವುದಿಲ್ಲ, ಪಹಣಿ ಬೇಕು.

ಇಷ್ಟೆಲ್ಲ ನಾಮಕರಣ ಮುಗಿಸಿದ ಕಲ್ಲು ಗಣಿ ಗುತ್ತಿಗೆಯ ಕಾಗದಕ್ಕೆ ಬಂದರೆ ಏನಾಗುತ್ತದೆ? ‘ಕಟ್ಟಡ ಕಲ್ಲು’. ಪಟ್ಟೆ ಪಟ್ಟೆಯ ‘ನೈಸ್’ ಶಿಲೆಯೋ ಗ್ರಾನೈಟೋ, ಯಾವ ಕಾಲದ್ದೋ, ಯಾರಿಗೂ ಬೇಡ. ಟನ್ನಿಗೆ ಇಷ್ಟು ರಾಜಧನ ಕಟ್ಟಿದರೆ ಮುಗಿಯಿತು. ಕ್ರಷರ್ ಇಳಿದ ಮೇಲೆ ಎಲ್ಲವೂ ಜಲ್ಲಿ, ಎಂ-ಸ್ಯಾಂಡ್. ಪಾಂಡವಪುರದ ಬೇಬಿ ಬೆಟ್ಟದ ಕಲ್ಲುಗಣಿಗಳ ಕಥೆ ನಿಮಗೆ ಗೊತ್ತೇ ಇದೆ. ಸ್ಫೋಟದಿಂದ ಕನ್ನಂಬಾಡಿ ಕಟ್ಟೆಗೆ ಅಪಾಯವಿದೆಯೇ ಎಂದು ತಿಳಿಯಲು ಇನ್ನಷ್ಟು ಸ್ಫೋಟಿಸಿ ನೋಡೋಣ ಎಂದವರು ನಮ್ಮವರು. ಅದನ್ನು ತಡೆಯಲು ರೈತರು ಗದ್ದೆ ಬಿಟ್ಟು ಬೀದಿಗೆ ಬರಬೇಕಾಯಿತು. ಇದರಲ್ಲಿ ನಗುವಂಥದ್ದು ಏನೂ ಇಲ್ಲ, ಬರೆದು ಬರೆದು ಸಾಕಾಗಿದೆ.

ಹೆಸರಿಡುವ ನಿಯಮಗಳಲ್ಲಿ ಇನ್ನೊಂದು ಸಾಲಿದೆ: ಹೆಸರು ಕೊಟ್ಟ ಜಾಗವೇ ಇಲ್ಲವಾದರೂ ಶಿಲೆಯ ಹೆಸರು ಹಾಗೆಯೇ ಉಳಿಯುತ್ತದೆ. ಬರೆದವರು ಪಾಂಡವಪುರದ ಕಡೆ ಒಮ್ಮೆ ಓಡಾಡಿಕೊಂಡು ಹೋಗಿರಬೇಕು.