ಟಗಾಲೊಗ್ ಎಂದರೆ ಇಂಡೋನೇಷ್ಯನ್ ಕಡತದ ನಕಲಲ್ಲ

"ಇಂಡೋನೇಷ್ಯನ್ ಮುಗಿಯಿತಲ್ಲ, ಫಿಲಿಪ್ಪೀನ್ಸ್‌ನ ಟಗಾಲೊಗ್ ಕೂಡ ಅದೇ ಭಾಷಾಕುಟುಂಬದ್ದು ತಾನೇ? ಆ ಕಡತವನ್ನೇ ಸ್ವಲ್ಪ ತಿದ್ದಿ, ಅದೇ ದರಕ್ಕೆ ಕೊಟ್ಟುಬಿಡಿ" ಎಂದು ಇಂದಿನ ಸಭೆಯಲ್ಲಿ ಮಹನೀಯರೊಬ್ಬರು ಅಪ್ಪಣೆ ಕೊಡಿಸಿದರು. ಅನುವಾದಗಳನ್ನು ಹಂಚಿ, ತಿದ್ದಿಸಿ, ಎರಡೂ ಕಡೆಯಿಂದ ಬೈಸಿಕೊಳ್ಳುವುದೇ ನನ್ನ ಹೊಟ್ಟೆಪಾಡೆಂದು ಬಲ್ಲ ನಿಮಗೆ ನನ್ನ ರಕ್ತದೊತ್ತಡದ ವಿವರ ಬೇಕಿಲ್ಲ.

ಕುಟುಂಬ ಒಂದೇ, ಒಪ್ಪಿದೆ. ಎರಡೂ ಆಸ್ಟ್ರೋನೇಷ್ಯನ್ ಭಾಷೆಗಳು; ಎರಡರಲ್ಲೂ ಕಣ್ಣು 'ಮಾತಾ', ಮಗು 'ಅನಾಕ್', ಆಕಾಶ 'ಲಾಂಗಿತ್', ಐದು 'ಲೀಮಾ'. ಇಷ್ಟು ನೋಡಿ ದರ ನಿಗದಿ ಮಾಡುವವರು ಮಲಯಾಳಂ ಕಡತವನ್ನು ತಿದ್ದಿ ಕನ್ನಡ ಮಾಡಿರೆಂದೂ ಹೇಳಿಯಾರು.

'ದಿಯಾ ಮೆಂಬಾಚಾ ಬುಕು' ಎಂಬ ಇಂಡೋನೇಷ್ಯನ್ ವಾಕ್ಯಕ್ಕೆ ಅವನು ಪುಸ್ತಕ ಓದಿದ, ಅವಳು ಓದುತ್ತಾಳೆ, ಎರಡೂ ಅರ್ಥವಾಗಬಹುದು. ಕಾಲವನ್ನು ತೋರಿಸಲೇಬೇಕಾದರೆ 'ಸುದಾಹ್' ಅಥವಾ 'ಅಕಾನ್' ಸೇರಿಸಿದರಾಯಿತು, ಕ್ರಿಯಾಪದ ಅಲುಗಾಡುವುದಿಲ್ಲ. ಟಗಾಲೊಗ್‌ನಲ್ಲಿ 'ನಗ್ಬಾಸಾ ಶಾ ನಾಂಗ್ ಲಿಬ್ರೊ' ಎಂದರೆ ಯಾವುದೋ ಪುಸ್ತಕ ಓದಿದ್ದು, 'ಬಿನಾಸಾ ನಿಯಾ ಆಂಗ್ ಲಿಬ್ರೊ' ಎಂದರೆ ಆ ಪುಸ್ತಕವನ್ನೇ ಓದಿದ್ದು. 'ಪುಸ್ತಕ ಓದಿದ', 'ಪುಸ್ತಕವನ್ನು ಓದಿದ' ಎಂದು ನಾವು ವಿಭಕ್ತಿಯಿಂದ ಸೂಚಿಸುವ ಭೇದಕ್ಕಾಗಿ ಅಲ್ಲಿ ಕ್ರಿಯಾಪದ, ಸರ್ವನಾಮ, ನಾಮಪದದ ಮುಂದಿನ ಗುರುತು ಎಲ್ಲವೂ ಬದಲಾಗುತ್ತವೆ. ಇದು ಸ್ವಲ್ಪ ತಿದ್ದುವ ಕೆಲಸವೇ?

ಆ್ಯಪ್‌ಗಳ ಖಾಲಿ ಜಾಗಗಳದ್ದು ಇನ್ನೊಂದು ಗೋಳು. 'ಇಂಥವರು ಸಂದೇಶ ಕಳಿಸಿದ್ದಾರೆ' ಎಂಬ ವಾಕ್ಯದಲ್ಲಿ ಇಂಡೋನೇಷ್ಯನ್‌ಗೆ ಹೆಸರು ತುಂಬಿದರೆ ಸಾಕು. ಟಗಾಲೊಗ್‌ನಲ್ಲಿ ಅದೇ ಜಾಗಕ್ಕೆ ವ್ಯಕ್ತಿ ಬಂದರೆ ಮುಂದೆ 'ಸಿ', ಅಂಗಡಿ ಬಂದರೆ 'ಆಂಗ್' ಬೇಕು. ಸಂಖ್ಯೆ ತುಂಬುವ ಜಾಗದ್ದೂ ಇದೇ ಕಥೆ, ಸಂಖ್ಯೆ ಬದಲಾದರೆ ಅದನ್ನು ನಾಮಪದಕ್ಕೆ ಜೋಡಿಸುವ ಕೊಂಡಿಯೂ ಬದಲು: ಎರಡು ಪುಸ್ತಕ 'ದಲವಾಂಗ್ ಲಿಬ್ರೊ', ನಾಲ್ಕಾದರೆ 'ಆಪಾತ್ ನಾ ಲಿಬ್ರೊ'. ಜಾಗ ಒಂದೇ ಇಟ್ಟು ವ್ಯಾಕರಣ ಸರಿಯಿಲ್ಲವೆಂದು ಅನುವಾದಕಿಗೆ ಆಮೇಲೆ ಪತ್ರ ಬರೆಯುವವರೂ ಇದೇ ಮಹನೀಯರೇ.

ಹಾಗಾದರೆ ಇಂಡೋನೇಷ್ಯನ್ ಸುಲಭವೇ ಎಂದು ಕೇಳುವಿರಿ. ಖಂಡಿತ ಅಲ್ಲ, ಓದುಗರನ್ನು ಸಲಿಗೆಯ 'ಕಾಮು' ಎನ್ನಬೇಕೋ ಮರ್ಯಾದೆಯ 'ಆಂದಾ' ಎನ್ನಬೇಕೋ ಎಂಬ ಒಂದೇ ಪ್ರಶ್ನೆಗೆ ಅರ್ಧ ದಿನ ಕಳೆದದ್ದುಂಟು. ಆದರೆ ಆ ಕಷ್ಟವೇ ಬೇರೆ, ಅದನ್ನು ನಿವಾರಿಸಿದ ಮಾತ್ರಕ್ಕೆ ಟಗಾಲೊಗ್‌ನ ಒಂದು ಸಾಲೂ ಮುಂದೆ ಸಾಗುವುದಿಲ್ಲ. ಅಲ್ಲಿ ಗೌರವಕ್ಕೆ ವಾಕ್ಯದೊಳಗೆ 'ಪೊ' ಬರಬೇಕು, ಅದೂ ತನ್ನ ಸ್ಥಾನದಲ್ಲೇ ಬರಬೇಕು.

ನಕಲಿನ ಪ್ರತಾಪಕ್ಕೆ ಒಂದೇ ಉದಾಹರಣೆ ಸಾಕು. ಕೇಳುವವರನ್ನೂ ಸೇರಿಸಿಕೊಂಡ 'ನಾವು' ಇಂಡೋನೇಷ್ಯನ್‌ನಲ್ಲಿ 'ಕಿತಾ', ಟಗಾಲೊಗ್‌ನಲ್ಲಿ 'ತಾಯೊ'. ಟಗಾಲೊಗ್‌ನಲ್ಲೂ 'ಕಿತಾ' ಇದೆ, ಆದರೆ ಅದು 'ಮಹಾಲ್ ಕಿತಾ', ಅಂದರೆ 'ನಾನು ನಿನ್ನನ್ನು ಪ್ರೀತಿಸುತ್ತೇನೆ' ಎನ್ನುವಾಗಿನ 'ನಾನು ನಿನ್ನನ್ನು'. ಬ್ಯಾಂಕಿನ ಗ್ರಾಹಕರಿಗೆ ಅದನ್ನು ಕಳಿಸುವ ಧೈರ್ಯ ನನಗಿಲ್ಲ.

ಬೇರೆ ಅನುವಾದಕಿ, ಬೇರೆ ದರ, ಪ್ರತಿ ಖಾಲಿ ಜಾಗಕ್ಕೆ ಏನೇನು ಬರಬಹುದೆಂಬ ಪಟ್ಟಿ, ಈ ಮೂರನ್ನು ಕೇಳಿ ಬರೆದಿದ್ದೇನೆ. ದರದ ಮಾತನ್ನು ಮಾತ್ರ ಬಿಟ್ಟು ಉಳಿದೆರಡಕ್ಕೆ ಆಗಲೇ ಒಪ್ಪಿಗೆ ಬಂದಿದೆ.