ಏಳೆಂಟ್ಲ ಐವತ್ತಾರು

ಏಪ್ರಿಲ್ ತಿಂಗಳಲ್ಲಿ ಬೆಳಿಗ್ಗೆ ಹತ್ತರ ಮೇಲೆ ದಾವಣಗೆರೆಯ ರಸ್ತೆಗೆ ಮಕ್ಕಳನ್ನು ಬಿಡುವುದೆಂದರೆ ಕಾದ ಹಂಚಿನ ಮೇಲೆ ಹಿಟ್ಟು ಹೊಯ್ದಂತೆ. ಬೆಣ್ಣೆ ಹಾಕುವುದೊಂದೇ ಬಾಕಿ. ಹಾಗಾಗಿ ಮೂರನೆಯ ತರಗತಿ ಮುಗಿಸಿದ ಮಗಳು ಮತ್ತು ಇನ್ನೂ ಅಂಗನವಾಡಿಯ ಉಪ್ಪಿಟ್ಟಿನಲ್ಲೇ ಇರುವ ಮಗ, ಇಬ್ಬರ ಜೊತೆಗೂ ಕುಳಿತು ಆಡಬಹುದಾದ ಒಂದು ಕಂಪ್ಯೂಟರ್ ಆಟ ಹುಡುಕುವ ಹೊಣೆ ನನ್ನ ಹೆಗಲಿಗೆ ಬಿತ್ತು. ಹೆಂಡತಿಯ ಷರತ್ತು ಸಣ್ಣದು. ರಕ್ತ ಕಾಣಬಾರದು, ಬೈಗುಳ ಕೇಳಬಾರದು, ಅತ್ತೆ ಮಾವ ಪಕ್ಕದಲ್ಲಿ ಕುಳಿತರೂ ಮುಜುಗರವಾಗಬಾರದು.

ವಿದ್ಯಾನಗರದಲ್ಲಿ ತಕರಾರಿಲ್ಲದ ಸೈಟು ಹುಡುಕುವುದು ಇದಕ್ಕಿಂತ ಸುಲಭ.

ಎದುರು ಮನೆಯ ಹಿರಿಯರನ್ನು ಕೇಳಿದೆ. ‘ನಮ್ಮ ಕಾಲದಲ್ಲಿ ಚೌಕಾಬಾರ, ಅಳಗುಳಿಮಣೆ ಇರಲಿಲ್ಲವೇನಪ್ಪಾ? ಈ ಹಾಳು ಯಂತ್ರ ಯಾಕೆ?’ ಎಂದರು, ಮೊಬೈಲಿನ ರಮ್ಮಿಯಿಂದ ತಲೆ ಎತ್ತದೆ. ಚೌಕಾಬಾರದಲ್ಲಿ ನನ್ನ ಕಾಯಿ ಕಡಿಯುವಾಗ ಅಜ್ಜಿ ‘ಸತ್ತೆ, ಹೋಗು ಮನೆಗೆ’ ಎಂದು ಕೂಗುತ್ತಿದ್ದುದು ನೆನಪಾಯಿತು. ಅದು ಹೆಂಡತಿಯ ಷರತ್ತಿಗೆ ಕೂಡುವ ಮಾತಲ್ಲ.

ಕೊನೆಗೆ ಕಂಪ್ಯೂಟರಿನ ಆ್ಯಪ್ ಅಂಗಡಿಯನ್ನೇ ಹೊಕ್ಕೆ. ಅಲ್ಲಿ ಎಲ್ಲ ಆಟಗಳ ಹಣೆಯ ಮೇಲೂ ವಯಸ್ಸಿನ ಮುದ್ರೆ ಇದೆ. 3+, 7+, 12+, 16+, 18+. ಯಾರೋ ಪುಣ್ಯಾತ್ಮರು, ಬಹುಶಃ ಮೂರು ಮಕ್ಕಳ ತಾಯಿಯೊಬ್ಬರು, ಕನ್ನಡಕ ಏರಿಸಿ ಒಂದೊಂದೇ ಆಟ ಆಡಿ ನೋಡಿ ಮುದ್ರೆ ಒತ್ತಿರಬೇಕು ಎಂದುಕೊಂಡಿದ್ದೆ. ವಿಚಾರಿಸಿದರೆ ಸಂಗತಿಯೇ ಬೇರೆ. 2013ರಲ್ಲಿ ಹುಟ್ಟಿದ ಐಎಆರ್‌ಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟದ ಬಳಿ ಒಂದು ಪ್ರಶ್ನಾವಳಿ ಇದೆ. ಆಟ ತಯಾರಿಸಿದವರೇ ಅದನ್ನು ತುಂಬುತ್ತಾರೆ. ನಿಮ್ಮ ಆಟದಲ್ಲಿ ಹಿಂಸೆ ಇದೆಯೇ? ಅಶ್ಲೀಲ ಇದೆಯೇ? ಜೂಜು ಇದೆಯೇ? ಕೊಟ್ಟ ಉತ್ತರಗಳನ್ನು ಯಂತ್ರ ಕೂಡಿ ಕಳೆದು, ನಿಂತ ನಿಲುವಿನಲ್ಲಿ ಮುದ್ರೆ ಒತ್ತುತ್ತದೆ. ತಪ್ಪು ಕಂಡರೆ, ದೂರು ಬಂದರೆ ಆಮೇಲೆ ತಿದ್ದುವುದೂ ಉಂಟಂತೆ.

ಇದು ನಮಗೆ ಹೊಸದಲ್ಲ. ಹುಡುಗನ ಕಡೆಯವರೇ ಬರೆದ ಬಯೋಡೇಟಾ ಓದಿ ಹೆಣ್ಣು ಕೊಟ್ಟು ಅಭ್ಯಾಸವಿರುವ ಜನ ನಾವು. ಯಾವ ಬಯೋಡೇಟಾದಲ್ಲಿ ಹುಡುಗ ಚಹಾಕ್ಕಿಂತ ಗಟ್ಟಿಯಾದದ್ದನ್ನು ಕುಡಿದಿದ್ದಾನೆ?

ಪ್ರಶ್ನಾವಳಿಯ ಬೆನ್ನು ಹತ್ತಿದಾಗ ಇನ್ನೊಂದು ದಿಗಿಲು ಹುಟ್ಟಿತು. 1997ರವರೆಗೆ ನಾವೂ ಚಿತ್ರದುರ್ಗ ಜಿಲ್ಲೆಯವರೇ. ಒನಕೆ ಓಬವ್ವ ಇಲ್ಲದ ವೇಷಭೂಷಣ ಸ್ಪರ್ಧೆ ಈ ಕಡೆಯ ಶಾಲೆಗಳಲ್ಲಿ ನಡೆಯುವುದಿಲ್ಲ. ನನ್ನ ಮಗಳು ಯುಕೆಜಿಯಲ್ಲಿದ್ದಾಗ ಕಚ್ಚೆ ಸೀರೆ ಉಟ್ಟು, ರಟ್ಟಿನ ಒನಕೆಯ ತುದಿಗೆ ಕುಂಕುಮ ಕಲಸಿ ಬಳಿದುಕೊಂಡು, ಕಿಂಡಿಯಲ್ಲಿ ತಲೆ ತೂರಿಸಿದ ಹೈದರಾಲಿಯ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಜಜ್ಜಿ ಎರಡನೆಯ ಬಹುಮಾನ ಗೆದ್ದಳು. ಸೈನಿಕರಾಗಿದ್ದ ಪಕ್ಕದ ಬೆಂಚಿನ ಮಕ್ಕಳು ಇವತ್ತಿಗೂ ಅವಳಿಗೆ ಹೆದರುತ್ತಾರೆ. ಚಪ್ಪಾಳೆ ಹೊಡೆದವರಲ್ಲಿ ಮೊದಲಿಗಳು ಈಗ ರಕ್ತ ಕಾಣಬಾರದು ಎನ್ನುತ್ತಿರುವ ನನ್ನ ಹೆಂಡತಿ. ಅದೇ ದೃಶ್ಯವನ್ನು ಯಾರಾದರೂ ಆಟ ಮಾಡಿ, ಪ್ರಶ್ನಾವಳಿಯನ್ನು ಸತ್ಯವಾಗಿ ತುಂಬಿದರೆ, ಓಬವ್ವನಾಗಲು ನನ್ನ ಮಗಳು ಇನ್ನೂ ಎಷ್ಟು ವರ್ಷ ಕಾಯಬೇಕೋ!

ಇರಲಿ. 3+ ಮುದ್ರೆಯ ಒಂದು ಮೊಲದ ಆಟ ಸಿಕ್ಕಿತು. ಮೊಲ ಗಜ್ಜರಿ ಬೆಳೆಯುತ್ತದೆ, ಮಾರುತ್ತದೆ, ಮನೆ ಕಟ್ಟುತ್ತದೆ. ರಕ್ತವಿಲ್ಲ. ಬೈಗುಳವಿಲ್ಲ. ಇಡೀ ಕುಟುಂಬ ನೆರೆಯಿತು. ಮಗ ಬೀಜ ಬಿತ್ತಿದ, ಮಗಳು ನೀರು ಹಾಯಿಸಿದಳು. ಗಜ್ಜರಿ ಬೆಳೆಯಲು ಎಂಟು ಗಂಟೆ ಬೇಕು, ಕಾಯಲಾಗದಿದ್ದರೆ ದುಡ್ಡಿಗೆ ಸಿಗುವ ಹತ್ತು ರತ್ನ ಕೊಡಿ ಎಂದಿತು ಆಟ. ಕೊಡಲಿಲ್ಲ. ಮೊಲ ಕಿವಿ ಇಳಿಬಿಟ್ಟು ಅಳತೊಡಗಿತು. ಅದನ್ನು ನೋಡಿ ಮಗನೂ ಅಳತೊಡಗಿದ. ಒಂದು ಜಾಹೀರಾತು ನೋಡಿದರೆ ಎರಡು ರತ್ನ ಉಚಿತ ಎಂದಾಗ ಒಪ್ಪಿದೆವು. ಐದು ನಿಮಿಷದಲ್ಲಿ ಸಾಲ ಕೊಡುವ ಕಂಪನಿಯೊಂದರ ಜಾಹೀರಾತು ಬಂತು. ಮುಚ್ಚುವ ಗುರುತು ಸಾಸಿವೆ ಕಾಳಿನಷ್ಟಿತ್ತು, ಸಾಲದ ಗುಂಡಿ ಹೋಳಿಗೆಯಷ್ಟಿತ್ತು. ಮಗನ ಬೆರಳು ಎಲ್ಲಿ ಬಿತ್ತೆಂದು ಹೇಳಬೇಕಾಗಿಲ್ಲ. ನಾಲ್ಕು ವರ್ಷಕ್ಕೇ ಸಾಲಗಾರನಾಗುವ ಯೋಗ ಅವನಿಗೆ ಸ್ವಲ್ಪದರಲ್ಲಿ ತಪ್ಪಿತು.

ಆಟದೊಳಗೆ ಖರೀದಿ ಉಂಟು ಎಂಬ ಮಾತು ಮುದ್ರೆಯ ಕೆಳಗೆ ಸಣ್ಣಕ್ಷರದಲ್ಲಿ ಇದ್ದೇ ಇತ್ತು. ಓದದಿದ್ದುದು ನನ್ನ ತಪ್ಪು. ಬಾಂಡಿನ ಹಿಂಬದಿ ಓದದೆ ರುಜು ಹಾಕಿದವರ ವಂಶ ನಮ್ಮದು.

ಇದು ಜೂಜಲ್ಲವೇ ಎಂದು ವಕೀಲ ಮಿತ್ರನನ್ನು ಕೇಳಿದೆ. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿದೆಯಲ್ಲ? ಅವನು ನಕ್ಕ. ಆ ಕಾನೂನು ಹಣ ಕಟ್ಟಿ ಹಣ ಗೆಲ್ಲುವ ಆಸೆ ಇರುವ ಆಟಕ್ಕೆ. ಮೊಲ ನಿನಗೆ ಒಂದು ಪೈಸೆಯನ್ನೂ ಹಿಂದಿರುಗಿಸುವುದಿಲ್ಲ. ಗೆಲ್ಲುವ ಆಸೆಯೇ ಇಲ್ಲದ ಮೇಲೆ ಜೂಜು ಹೇಗಾದೀತು? ಬರೀ ಸೋಲುವುದಕ್ಕೆ ಯಾವ ಸೆಕ್ಷನ್ನೂ ಅಡ್ಡಿಯಿಲ್ಲ. ಅಂದರೆ ಇದು ಅಪ್ಪಟ ಕುಟುಂಬಸ್ನೇಹಿ.

ಅಮೆರಿಕದಲ್ಲಾದರೂ ಇಂಥದ್ದಕ್ಕೆ ಒಮ್ಮೊಮ್ಮೆ ಬಿಸಿ ತಟ್ಟುತ್ತದೆ. ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ ಕಂಪನಿ 2022ರ ಡಿಸೆಂಬರಿನಲ್ಲಿ ಅಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ ಜೊತೆ ರಾಜಿಗೆ ಬಂದು 52 ಕೋಟಿ ಡಾಲರ್ ಕೊಡಲು ಒಪ್ಪಿತು. ಮಕ್ಕಳ ಮಾಹಿತಿಯನ್ನು ಹೆತ್ತವರಿಗೆ ಹೇಳದೆ ಸಂಗ್ರಹಿಸಿದ ಆರೋಪಕ್ಕೆ 27.5 ಕೋಟಿ, ಗುಂಡಿಗಳನ್ನು ಗೊಂದಲವಾಗುವಂತೆ ಜೋಡಿಸಿ ಬೇಡದ ಖರೀದಿ ಮಾಡಿಸಿದ ಆರೋಪಕ್ಕೆ ಗ್ರಾಹಕರಿಗೆ ಹಿಂದಿರುಗಿಸಲು 24.5 ಕೋಟಿ. ನಮ್ಮ ಮೊಲ ಇದುವರೆಗೆ ಕಿತ್ತದ್ದು ಎರಡು ಬೆಣ್ಣೆ ದೋಸೆಯ ದುಡ್ಡು. ಇದಕ್ಕೆ ಯಾವ ಕಮಿಷನ್ ಕೂರುತ್ತದೆ?

ಹಾಗೆಂದು ಆಟದವರು ಮಕ್ಕಳ ಬಗ್ಗೆ ಕಾಳಜಿಯಿಲ್ಲದವರೆಂದು ತಿಳಿಯಬೇಡಿ. ಕಾವಲು ಇದೆ. ಮೊದಲ ಕಾವಲು, ಹುಟ್ಟಿದ ವರ್ಷ. ಅಮೆರಿಕದ ಕಾನೂನಿನಲ್ಲಿ 13 ತುಂಬದವರು, ನಮ್ಮ 2023ರ ದತ್ತಾಂಶ ರಕ್ಷಣೆ ಕಾನೂನಿನಲ್ಲಿ 18 ತುಂಬದವರು ಮಕ್ಕಳು. ಅವರ ಮಾಹಿತಿ ಮುಟ್ಟಬೇಕಾದರೆ ಹೆತ್ತವರ ಒಪ್ಪಿಗೆ ಬೇಕು. ಅದಕ್ಕೆ ಆಟ ಒಂದು ಚಕ್ರ ತೋರಿಸಿ ವರ್ಷ ಆರಿಸಲು ಹೇಳಿತು. ಚಕ್ರ ಕಂಡರೆ ನಾಲ್ಕು ವರ್ಷದ ಹುಡುಗ ಏನು ಮಾಡುತ್ತಾನೆ? ಗಿರ್ರನೆ ತಿರುಗಿಸಿದ. ಅದು 1931ಕ್ಕೆ ಹೋಗಿ ನಿಂತಿತು. ಆಟ ಚಕಾರ ಎತ್ತದೆ ‘ಸ್ವಾಗತ’ ಎಂದಿತು. ಈಗ ನಮ್ಮ ಮನೆಯಲ್ಲಿ ನನ್ನ ತಂದೆಗಿಂತ ನನ್ನ ಮಗನೇ ಹಿರಿಯ.

ಎರಡನೆಯ ಕಾವಲು ರತ್ನದಂಗಡಿಯ ಬಾಗಿಲಲ್ಲಿ. ‘ಇದು ದೊಡ್ಡವರಿಗೆ ಮಾತ್ರ. ದಯವಿಟ್ಟು ಉತ್ತರಿಸಿ: 7 × 8 = ?’

ನಾನು ಪದವೀಧರ. ಕಂಪ್ಯೂಟರಿನ ಮುಂದೆಯೇ ಇಪ್ಪತ್ತು ವರ್ಷ ಕಳೆದವನು. ಐವತ್ತನಾಲ್ಕೇ? ಅರವತ್ತಮೂರು ಯಾರದು, ಏಳೊಂಬತ್ತರದೇ? ಎಂದು ಬೆರಳು ಗಾಳಿಯಲ್ಲಿ ಹಿಡಿದಿರುವಾಗಲೇ ಪಕ್ಕದಿಂದ ‘ಏಳೆಂಟ್ಲ ಐವತ್ತಾರು’ ಎಂಬ ರಾಗ ಬಂತು. ಬಾಗಿಲು ತೆರೆಯಿತು. ಮಗಳು ಒಳಗೆ ಹೋದಳು. ನಾನು ಹೊರಗೆ ಉಳಿದೆ.

ಅವಳಿಗೆ ಮಗ್ಗಿ ಕಲಿಸಿದವರು ನನ್ನ ತಂದೆ, ಊರಿನ ಹತ್ತಿ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಗಿರಣಿಯ ಮಗ್ಗ ನಿಂತು ಎಷ್ಟೋ ಕಾಲವಾಯಿತು, ಅವರ ಮಗ್ಗಿ ನಿಂತಿಲ್ಲ. ಕಾಲು, ಅರೆ, ಮುಕ್ಕಾಲು ಎಲ್ಲವನ್ನೂ ಮೊಮ್ಮಗಳ ಬಾಯಲ್ಲಿ ಕೂರಿಸಿದ್ದಾರೆ. ಮಕ್ಕಳನ್ನು ತಡೆಯಲು ಮಗ್ಗಿ ಕೇಳಬೇಕೆಂದು ಯೋಚಿಸಿದ ಮಹಾನುಭಾವ ಯಾವ ದೇಶದವನೋ, ಮಗ್ಗಿ ಬಾರದ ಮಕ್ಕಳನ್ನೂ ಮಗ್ಗಿ ಮರೆಯದ ದೊಡ್ಡವರನ್ನೂ ಎಲ್ಲಿ ಕಂಡಿದ್ದನೋ.

ಮೊಲವನ್ನು ಮರುದಿನವೇ ಅಳಿಸಿದೆ. ದುಡ್ಡು ಕೊಟ್ಟು ತರುವ ಮೈನ್‌ಕ್ರಾಫ್ಟ್ ಎಂಬ ಆಟದಲ್ಲಿ ‘ಪೀಸ್‌ಫುಲ್’ ಎಂಬ ಆಯ್ಕೆ ಇದೆ, ಒತ್ತಿದರೆ ಮೇಲೆ ಬೀಳುವ ರಾಕ್ಷಸರು ಬಹುತೇಕ ಮಾಯ. ಇಂಥ ಗುಂಡಿಯೊಂದನ್ನು ಪಾಲಿಕೆಯ ಸಾಮಾನ್ಯ ಸಭೆಗಳಿಗೂ ಜೋಡಿಸಬಾರದೇ ಎನಿಸಿತು. ಸದ್ಯಕ್ಕೆ ಟಕ್ಸ್ ಪೇಂಟ್ ಹಾಕಿಕೊಟ್ಟಿದ್ದೇನೆ. 2002ರಿಂದ ಇರುವ ಚಿತ್ರ ಬಿಡಿಸುವ ತಂತ್ರಾಂಶ, ಪೂರ್ತಿ ಉಚಿತ, ಜಾಹೀರಾತಿಲ್ಲ, ಇಂಟರ್ನೆಟ್ಟೂ ಬೇಡ. ಹುಡುಕಾಟದಲ್ಲಿ ಇದು ನನ್ನ ಕಣ್ಣಿಗೆ ಬೀಳಲು ಮೂರು ದಿನ ಹಿಡಿಯಿತು. ಅಳುವ ಮೊಲಗಳೇ ಮುಂದಿನ ಸಾಲಿನಲ್ಲಿ ಕುಳಿತಿದ್ದವು. ಮಗ ಪರದೆಯ ತುಂಬ ನೇರಳೆ ಬಣ್ಣ ಬಳಿದು ಅದನ್ನು ಆನೆ ಎನ್ನುತ್ತಾನೆ. ಮಗಳದ್ದು ಮಾತ್ರ ದೂರು. ಇದರಲ್ಲಿ ಬಾಗಿಲೇ ಇಲ್ಲವಂತೆ, ಯಾರೂ ಲೆಕ್ಕವನ್ನೇ ಕೇಳುವುದಿಲ್ಲವಂತೆ.

ಅವಳ ವಿದ್ಯೆ ವ್ಯರ್ಥವಾಗಿಲ್ಲ. ನಿನ್ನೆ ಸಂಜೆ ಎದುರು ಮನೆಯ ಹಿರಿಯರು ಗೇಟಿನ ಬಳಿ ನಿಂತು ಮೊಬೈಲ್ ಹಿಡಿದು ಅವಳನ್ನು ಕರೆದರು. ಮೊಮ್ಮಗನ ಆಟವೊಂದು ಅವರನ್ನು ದೊಡ್ಡವರೆಂದು ಒಪ್ಪುತ್ತಿರಲಿಲ್ಲ. ಹನ್ನೆರಡೇಳ್ಲ ಎಷ್ಟು ಎಂದು ಕೇಳುತ್ತಿತ್ತು. ಇವಳು ಎಂಬತ್ತನಾಲ್ಕು ಒತ್ತಿ, ಅವರ ಹಿರಿತನವನ್ನು ಖಾತ್ರಿಪಡಿಸಿ, ಒಂದು ಪೊಟ್ಟಣ ಖಾರಮಂಡಕ್ಕಿ ಹಿಡಿದು ವಾಪಸು ಬಂದಳು.