ಈ ಆನೆ ನಮ್ಮದಲ್ಲ

ವಿರಾಜಪೇಟೆಯಿಂದ ಒಳಗೆ, ಕಾಫಿ ತೋಟಗಳ ನಡುವೆ ಇರುವ ನಮ್ಮ ಶಿಶುವಿಹಾರಕ್ಕೆ ಪ್ರೊಜೆಕ್ಟರ್ ಬಂದ ದಿನ ನಾನು ಮದುವೆ ಮನೆಗೆ ಹೊರಟವಳಂತೆ ರೇಷ್ಮೆ ಸೀರೆ ಉಟ್ಟು ಹೋಗಿದ್ದೆ. ಹಳೆಯ ವಿದ್ಯಾರ್ಥಿಯೊಬ್ಬರು ಬೆಂಗಳೂರಿನಿಂದ ಕಳುಹಿಸಿದ್ದ ಆ ಯಂತ್ರಕ್ಕೆ ನಮ್ಮ ಆಯಾ ಭಕ್ತಿಯಿಂದ ಅರಿಶಿನ ಕುಂಕುಮ ಹಚ್ಚಿದರು. ಹಚ್ಚುವ ಭರದಲ್ಲಿ ಕುಂಕುಮ ಲೆನ್ಸಿಗೂ ತಗಲಿತ್ತು. ಇದು ನಮಗೆ ತಿಳಿಯುವವರೆಗೆ, ಅಂದರೆ ಸುಮಾರು ಒಂದು ವಾರ, ಗೋಡೆಯ ಮೇಲೆ ಮೂಡಿದ ಹಸು, ಬಸ್ಸು, ಬಾಳೆಹಣ್ಣುಗಳೆಲ್ಲ ಸೂರ್ಯಾಸ್ತದ ಬಣ್ಣದಲ್ಲಿ ಕಾಣುತ್ತಿದ್ದವು. ಬಾಳೆಹಣ್ಣಿನ ಬಣ್ಣ ಕೆಂಪು ಎಂದು ಎರಡು ಮಕ್ಕಳು ಇಂದಿಗೂ ವಾದಿಸುತ್ತವೆ. ಚಂದ್ರಬಾಳೆಯನ್ನು ತಿಂದು ಬೆಳೆದ ಮಕ್ಕಳಾದ್ದರಿಂದ ಅವರದು ಪೂರ್ತಿ ತಪ್ಪೆನ್ನಲೂ ನನಗೆ ಧೈರ್ಯವಿಲ್ಲ.

ಹದಿನಾಲ್ಕು ವರ್ಷಗಳಿಂದ ಮೂರರಿಂದ ಐದು ವರ್ಷದ ಮಕ್ಕಳ ಜೊತೆ ಇರುವ ನನಗೆ ಅಲ್ಲಿಯವರೆಗೆ ಗೊತ್ತಿದ್ದ ತಂತ್ರಜ್ಞಾನವೆಂದರೆ ಬಣ್ಣದ ಸೀಮೆಸುಣ್ಣ, ಗೋಂದು ಮತ್ತು ಏರುದನಿ. ತರಬೇತಿಯಲ್ಲಿ ಓದಿದ್ದ ಫ್ರೋಬೆಲ್ ಮಹಾಶಯ 1837ರಲ್ಲಿ ಜರ್ಮನಿಯಲ್ಲಿ ಪುಟ್ಟ ಮಕ್ಕಳ ಶಾಲೆ ತೆರೆದಾಗ ಅವರ ಕೈಗೆ ಮೊದಲು ಕೊಟ್ಟದ್ದು ಬಣ್ಣದ ಉಣ್ಣೆಯ ಚೆಂಡುಗಳನ್ನು. ಅವಕ್ಕೆ ಚಾರ್ಜ್ ಮಾಡುವ ಅಗತ್ಯವಿರಲಿಲ್ಲ ಎಂಬ ದೊಡ್ಡ ಸತ್ಯ ನನಗೆ ಹೊಳೆದದ್ದು ಮಾತ್ರ ಈ ಪ್ರೊಜೆಕ್ಟರ್ ಬಂದ ಮೇಲೆಯೇ. ನಮ್ಮಲ್ಲಿ ಮಳೆಗಾಲದಲ್ಲಿ ಒಂದು ಸಿಲ್ವರ್ ಓಕ್ ಮರ ತಂತಿಯ ಮೇಲೆ ಒರಗಿದರೆ ಕರೆಂಟ್ ಬರಲು ಮೂರು ದಿನವಾದರೂ ಆಶ್ಚರ್ಯವಿಲ್ಲ. ನೆಟ್‌ವರ್ಕ್ ಸಿಗುವುದು ಪಕ್ಕದ ತೋಟದ ಕಾಫಿ ಕಣದ ಒಂದು ಮೂಲೆಯಲ್ಲಿ ಮಾತ್ರ. ಆ ಮೂಲೆಯಲ್ಲಿ ಕೊಡೆ ಹಿಡಿದು ನಿಂತು, ಕಾಲಿಗೆ ಹತ್ತುವ ಜಿಗಣೆಗಳನ್ನು ಕಿತ್ತೆಸೆಯುತ್ತ, ಐದು ನಿಮಿಷದ ವಿಡಿಯೊ ಒಂದನ್ನು ನಲವತ್ತು ನಿಮಿಷದಲ್ಲಿ ಇಳಿಸಿಕೊಂಡೆ. ವಿಷಯ, ಆನೆ.

ಮರುದಿನ ಕಿಟಕಿಗಳಿಗೆ ಹಳೆಯ ಬೆಡ್‌ಶೀಟ್ ಕಟ್ಟಿ ಕತ್ತಲೆ ಮಾಡಿ, ಹತ್ತೊಂಬತ್ತು ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿದೆ. ಆನೆ ಬಂತು. ಗೋಡೆಯ ತುಂಬ ಬಂತು. ಮಕ್ಕಳು ಕಿರುಚಿ ಸಂಭ್ರಮಿಸುತ್ತಿರುವಾಗ, ತೋಟದ ಕಾರ್ಮಿಕರ ಲೈನ್‌ಮನೆಯಿಂದ ಬರುವ ನಾಲ್ಕೂವರೆ ವರ್ಷದ ಹುಡುಗನೊಬ್ಬ ಎದ್ದು ನಿಂತು ಗಂಭೀರವಾಗಿ, ‘ಟೀಚರ್, ಇದು ನಮ್ಮ ಆನೆ ಅಲ್ಲ’ ಎಂದ.

‘ಎಲ್ಲ ಆನೆಯೂ ಒಂದೇ ಮಗಾ, ಕೂತ್ಕೋ’ ಎಂದೆ ನಾನು.

ಅವನು ಕೂರಲಿಲ್ಲ. ಗೋಡೆಯ ಹತ್ತಿರ ಹೋಗಿ, ತನ್ನ ನೆರಳನ್ನು ಆನೆಯ ಹೊಟ್ಟೆಯ ಮೇಲೆ ಬೀಳಿಸಿಕೊಂಡು, ‘ಇದರ ಕಿವಿ ಮೊರದ ಹಾಗಿದೆ, ನಮ್ಮದಕ್ಕೆ ಸಣ್ಣದು’ ಎಂದ. ಆಮೇಲೆ ನೆಲಕ್ಕೆ ಕೈಯೂರಿ ನಾಲ್ಕು ಕಾಲಿನ ಪ್ರಾಣಿಯಾಗಿ, ಬೆನ್ನನ್ನು ಮೇಲಕ್ಕೆ ಬಾಗಿಸಿ, ‘ನಮ್ಮದು ಹೀಗೆ’ ಎಂದು ತೋರಿಸಿದ. ಬಳಿಕ ಬೆನ್ನನ್ನು ಹಗ್ಗದ ಮಂಚದಂತೆ ತಗ್ಗಿಸಿ, ‘ಇದು ಹೀಗೆ’ ಎಂದ. ಮರುಕ್ಷಣದಲ್ಲಿ ಹದಿನೆಂಟು ಮಕ್ಕಳೂ ನಾಲ್ಕು ಕಾಲಿನ ಮೇಲೆ ನಿಂತು ಬೆನ್ನು ಏರಿಸುತ್ತ ಇಳಿಸುತ್ತ ಇದ್ದರು. ಆಗಲೇ ಕರೆಂಟ್ ಹೋಯಿತು. ಅಷ್ಟು ಕೃತಜ್ಞತೆಯಿಂದ ನಾನು ಎಂದೂ ಕತ್ತಲೆಯನ್ನು ಸ್ವಾಗತಿಸಿರಲಿಲ್ಲ.

ಸಂಜೆ ಕಣದ ಮೂಲೆಯಲ್ಲಿ ನಿಂತು ಹುಡುಕಿದಾಗ ಹುಡುಗ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ನಾನು ತೋರಿಸಿದ್ದು ಆಫ್ರಿಕಾದ ಆನೆ. ಅದರ ಕಿವಿ ಬಹಳ ದೊಡ್ಡದು, ಬೆನ್ನು ನಡುವೆ ತಗ್ಗು, ಸಾಮಾನ್ಯವಾಗಿ ಹೆಣ್ಣಿಗೂ ಕೋರೆಯುಂಟು, ಸೊಂಡಿಲ ತುದಿಯಲ್ಲಿ ಬೆರಳಿನಂಥ ಚಾಚು ಎರಡು. ನಮ್ಮ ಆನೆಗೆ ಆ ಬೆರಳು ಒಂದೇ, ಬೆನ್ನು ಉಬ್ಬು, ನೆತ್ತಿಯ ಮೇಲೆ ಎರಡು ಗುಬುಟು. ಮನೆಗೆ ಬಂದ ನೆಂಟರನ್ನೆಲ್ಲ ದುಬಾರೆಯ ಆನೆ ಶಿಬಿರಕ್ಕೆ ಕರೆದೊಯ್ದು ಆನೆಯ ಸ್ನಾನ ತೋರಿಸಿ ಬಂದವಳು ನಾನು, ಇಷ್ಟು ವರ್ಷ ಅದರ ಬೆನ್ನನ್ನು ನೋಡಿಯೇ ಇರಲಿಲ್ಲ. ಮರುದಿನ ಎಲ್ಲರೆದುರು, ‘ನೀನು ಹೇಳಿದ್ದೇ ಸರಿ, ಟೀಚರ್‌ಗೆ ಗೊತ್ತಿರಲಿಲ್ಲ’ ಎಂದು ಒಪ್ಪಿಕೊಂಡೆ. ಅವನು ‘ಹೂಂ’ ಎಂದು ಹಾಲಿನ ಲೋಟಕ್ಕೆ ಕೈಚಾಚಿದ.

ಆ ವಾರ ಅವನ ಅಪ್ಪ ಕೆಲಸ ಮುಗಿಸಿ ಬಂದು ತಮ್ಮ ಫೋನಿನಲ್ಲಿದ್ದ ಒಂದು ವಿಡಿಯೊ ಕೊಟ್ಟರು. ಹಲಸಿನ ಹಣ್ಣಿನ ಕಾಲದಲ್ಲಿ ಆನೆಗಳು ಲೈನ್‌ಮನೆಯ ಹಿಂದಕ್ಕೇ ಬಂದಿದ್ದ ರಾತ್ರಿಯದು. ಅದರಲ್ಲಿ ಏನೂ ಕಾಣುವುದಿಲ್ಲ, ಪೂರ್ತಿ ಕಪ್ಪು. ಕೊಂಬೆ ಮುರಿಯುವ ಸದ್ದು, ಏನೋ ಭಾರವಾದದ್ದು ಧೊಪ್ಪನೆ ಬೀಳುವ ಸದ್ದು, ‘ಸುಮ್ಮನಿರು’ ಎಂಬ ಪಿಸುಮಾತು, ಅಷ್ಟೇ. ಬಣ್ಣಬಣ್ಣದ ಆಫ್ರಿಕಾದ ಆನೆಗೆ ಕಿರುಚಿದ್ದ ಮಕ್ಕಳು ಈ ಕರಿಗೋಡೆಯ ಮುಂದೆ ಉಸಿರು ಬಿಗಿಹಿಡಿದು ಕೂತರು. ಮುಗಿದ ಮೇಲೆ ಮೂರೂವರೆ ವರ್ಷದ ಹುಡುಗಿಯೊಬ್ಬಳು ಮೆಲ್ಲಗೆ, ‘ಹೋಯ್ತಾ?’ ಎಂದು ಕೇಳಿದಳು. ಇಂಥ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆ ವಿಡಿಯೊ ಒಂದು ನಿಮಿಷವೂ ಇರಲಿಲ್ಲ. ಉಳಿದ ಬೆಳಗೆಲ್ಲ ಅದರ ಬಗ್ಗೆ ಮಾತಾಡಿದ್ದೇ ನಮ್ಮ ಪಾಠ.

ಬ್ಲೂಟೂತ್ ಸ್ಪೀಕರಿನ ಕಥೆಯನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ನಮ್ಮ ಮನೆಯ ಮರ್ಯಾದೆಯ ಪ್ರಶ್ನೆಯಿದೆ. ಮಕ್ಕಳು ಲಾಲಿ ಹಾಡಿಗೆ ಇನ್ನೇನು ಕಣ್ಣು ಮುಚ್ಚುತ್ತಿದ್ದಾಗ ನನ್ನ ಫೋನಿಗೆ ಕರೆ ಬಂತು. ಗಾಬರಿಯಲ್ಲಿ ಒತ್ತಬಾರದ್ದನ್ನು ಒತ್ತಿದೆ. ನಮ್ಮ ಯಜಮಾನರ ದನಿ ಕೋಣೆಯಿಡೀ ಮೊಳಗಿತು: ‘ಕಾಚಂಪುಳಿ ಬಾಟ್ಲಿ ಎಲ್ಲಿಟ್ಟಿದ್ದೀಯೇ? ಹಂದಿ ಬೇಯ್ತಾ ಇದೆ!’ ಕಾಚಂಪುಳಿ ಎಂದರೆ ನಮ್ಮಲ್ಲಿ ಹಂದಿ ಸಾರಿಗೆ ಹಾಕುವ ಕಪ್ಪು ಹುಳಿ. ಆಮೇಲೆ ತಿಂಗಳುಗಟ್ಟಲೆ ಆಟದ ಹೊತ್ತಿನಲ್ಲಿ ಮಕ್ಕಳು ಮರದ ತುಂಡನ್ನು ಕಿವಿಗಿಟ್ಟುಕೊಂಡು ಒಬ್ಬರನ್ನೊಬ್ಬರು ಕಾಚಂಪುಳಿ ಎಲ್ಲಿ ಎಂದು ಗದರಿಸುತ್ತಿದ್ದವು. ಹೊಸ ಪದ, ಸಂದರ್ಭ, ಸ್ವರಭಾರ, ಎಲ್ಲವೂ ಒಂದೇ ಬಾರಿಗೆ ಕಲಿತದ್ದು!

ಅದೇ ಸ್ಪೀಕರಿನಲ್ಲಿ ಜುಲೈ ತಿಂಗಳಲ್ಲಿ ‘ಮಳೆಯ ಸದ್ದು’ ಎಂಬ ಪಾಠಕ್ಕಾಗಿ ಮಳೆಯ ಧ್ವನಿಮುದ್ರಣ ಹಾಕಿದೆ. ಕೊಡಗಿನಲ್ಲಿ, ಮಳೆ ಬಿಡದೆ ಸುರಿಯುವ ಕಕ್ಕಡ ಮಾಸದಲ್ಲಿ, ಮಳೆಯನ್ನು ಡೌನ್‌ಲೋಡ್ ಮಾಡಿಕೊಂಡ ಮೊದಲ ಮನುಷ್ಯಳು ನಾನೇ ಇರಬೇಕು. ತಗಡಿನ ಮಾಡಿನ ಮೇಲೆ ಸುರಿಯುತ್ತಿದ್ದ ನಿಜವಾದ ಮಳೆಯ ಅಬ್ಬರದಲ್ಲಿ ಅದು ಕೇಳಿಸಲಿಲ್ಲ. ‘ಟೀಚರ್, ಅದು ಕೆಟ್ಟೋಗಿದೆ’ ಎಂದು ಮಕ್ಕಳು ಸಮಾಧಾನ ಹೇಳಿದವು. ಸರಿ, ಹೊರಗೆ ಹೋಗಿ ಕೊಡೆಯ ಕೆಳಗೆ ನಿಂತೇ ಕೇಳೋಣ ಎಂದುಕೊಂಡೆ. ಜೀಪಿನಲ್ಲಿ ಬರುವ ನಮ್ಮ ಮಕ್ಕಳು ರೇನ್‌ಕೋಟ್ ಹಾಕುತ್ತವೆಯೇ ಹೊರತು ಕೊಡೆ ತರುವುದಿಲ್ಲ. ಆದ್ದರಿಂದ ಆ ಮಳೆಯ ಗದ್ದಲದಲ್ಲೇ ಪೋಷಕರ ವಾಟ್ಸಾಪ್ ಗುಂಪಿಗೆ ಧ್ವನಿಯ ಮೂಲಕ ಟೈಪ್ ಮಾಡಿ, ಓದದೆ ಕಳುಹಿಸಿದೆ.

ಮರುದಿನ ಹನ್ನೆರಡು ಮಕ್ಕಳು ವಡೆ ತಂದಿದ್ದರು. ಉದ್ದಿನ ವಡೆ, ಮಸಾಲೆ ವಡೆ. ಅಜ್ಜಿಯೊಬ್ಬರು ಬೇರೆ ಡಬ್ಬಿಯಲ್ಲಿ ಚಟ್ನಿಯನ್ನೂ ಕಟ್ಟಿದ್ದರು. ನಡುಗುವ ಕೈಯಿಂದ ಫೋನ್ ತೆಗೆದು ನೋಡಿದರೆ ನನ್ನದೇ ಹೆಸರಿನಲ್ಲಿ ಸಂದೇಶ ಸ್ಪಷ್ಟವಾಗಿತ್ತು: ‘ನಾಳೆ ತಪ್ಪದೆ ಪ್ರತಿ ಮಗುವಿನ ಕೈಯಲ್ಲೂ ಒಂದು ದೊಡ್ಡ ವಡೆ ಕೊಟ್ಟು ಕಳುಹಿಸಿ.’ ಅದರ ಕೆಳಗೆ ಹದಿನಾಲ್ಕು ಹೆಬ್ಬೆರಳುಗಳು.

ಕೊಡೆ ತಂದವನು ಒಬ್ಬನೇ, ಆನೆಯ ಹುಡುಗ. ಆ ತಿಂಗಳು ಅವನ ಅಪ್ಪನ ಫೋನಿಗೆ ರೀಚಾರ್ಜ್ ಆಗಿರಲಿಲ್ಲವಾದ್ದರಿಂದ, ನಮ್ಮ ಆಯಾ ದಾರಿಯಲ್ಲಿ ಅವನ ಅಮ್ಮನಿಗೆ ಬಾಯಲ್ಲಿ ಹೇಳಿ ಕಳುಹಿಸಿದ್ದರು. ಅಜ್ಜನ ಕಾಲದ ಕರಿ ಕೊಡೆ, ಹಿಡಿ ಬೆತ್ತದ್ದು, ಬಿಚ್ಚಿದರೆ ಐದು ಮಕ್ಕಳಿಗೆ ಸಾಲುವಷ್ಟು ಅಗಲ. ಐದೈದು ಮಕ್ಕಳಂತೆ ಸರದಿಯಲ್ಲಿ ಅಂಗಳಕ್ಕಿಳಿದು, ಕೈಯಲ್ಲಿ ವಡೆ ಹಿಡಿದುಕೊಂಡು, ಬಟ್ಟೆಯ ಮೇಲೆ ಬೀಳುವ ಮಳೆ ಕೇಳಿಸಿಕೊಂಡೆವು. ಕೊನೆಯ ಸರದಿಯಲ್ಲಿ ನಾಲ್ಕೇ ಮಕ್ಕಳಿದ್ದುದರಿಂದ ನಾನೂ ನುಸುಳಿದೆ. ಕೊಡೆ ಹಿಡಿದಿದ್ದ ಹುಡುಗ ತಲೆಯೆತ್ತಿ ನನ್ನನ್ನೊಮ್ಮೆ ನೋಡಿ, ‘ಟೀಚರ್, ಬಗ್ಗಿ’ ಎಂದ.